ಬಿದ್ದ ಹಣ್ಣಿಗೆ ಬೇಲಿ

ಬೆಳಂಬಾರ, ಹೊರಡುವ ಮೊದಲು

ಮೊದಲು ಆ ವಿಡಿಯೊದ ವಿಷಯ ಹೇಳಿಬಿಡುತ್ತೇನೆ. ಅಂಕೋಲಾ ಕಡೆಯ ಅನೇಕರು ಅದನ್ನು ನೋಡಿದ್ದಾರೆ. ನೋಡದವರು, ಪರದೇಶ ಪ್ರವಾಸದ ಕಥೆ ಇಲ್ಲಿಂದ ಯಾಕೆ ಶುರುವಾಗಬೇಕು ಅಂದುಕೊಂಡರೂ ಅಡ್ಡಿಯಿಲ್ಲ.

ಬೆಳಂಬಾರದ ಒಂದು ಮಾವಿನ ತೋಪು. ಹೊಸದಾಗಿ ಹಾಕಿದ ತಂತಿಬೇಲಿ. ಬೇಲಿಯ ಒಳಗೆ, ಇಶಾಡು ಮಾವಿನ ಮರದ ಬುಡದಲ್ಲಿ, ನನ್ನ ಸೋದರತ್ತೆ ಗಂಗತ್ತೆ ಕಾಲು ಚಾಚಿ ಕೂತಿದ್ದಾಳೆ. ಪಕ್ಕದಲ್ಲಿ ಬುಟ್ಟಿ. ಫೋನು ಹಿಡಿದ ಕಾವಲಿನವನು ಕೂಗುತ್ತಿದ್ದಾನೆ: "ಏಳೇ, ಏಳು! ಮಾವಿನ ಕಳ್ಳಿ! ಬೋರ್ಡು ಕಾಣೂದಿಲ್ವಾ ನಿಂಗೆ?" ಗಂಗತ್ತೆ ಏಳುವುದಿಲ್ಲ. ಬುಟ್ಟಿಯಿಂದ ಒಂದು ಹಣ್ಣು ತೆಗೆದು, ಸೆರಗಿನಲ್ಲಿ ಒರೆಸಿ, ತೊಟ್ಟಿನ ಕಡೆ ಕಚ್ಚಿ ಉಗಿದು, ಕ್ಯಾಮೆರಾವನ್ನೇ ನೋಡುತ್ತ ತಿನ್ನತೊಡಗುತ್ತಾಳೆ. ರಸ ಮೊಣಕೈವರೆಗೆ ಇಳಿಯುತ್ತದೆ. ವಿಡಿಯೊ ಅಷ್ಟೇ. ಯಾರೋ ಅದಕ್ಕೆ ನಗುವ ಮುಖಗಳನ್ನು ಅಂಟಿಸಿ ಊರೆಲ್ಲ ಹಂಚಿದರು.

ಇದನ್ನು ಓದಿ "ಪಾಪ, ಮುದುಕಿ" ಅನ್ನಲು ಹೊರಟವರು ಇಲ್ಲೇ ನಿಲ್ಲಬಹುದು. ಗಂಗತ್ತೆಯ ಬದುಕಿನಲ್ಲಿ ಪಾಪ ಅನ್ನುವಂಥದ್ದು ಬೇಕಾದಷ್ಟಿದೆ. ಈ ವಿಡಿಯೊ ಅದರಲ್ಲಿ ಸೇರುವುದಿಲ್ಲ.

ನಮ್ಮಲ್ಲಿ ಕೊಯ್ಯುವುದು ಬೇರೆ, ಹೆಕ್ಕುವುದು ಬೇರೆ. ಮರದಲ್ಲಿರುವುದು ಮಾಲಕನದ್ದು, ಇಲ್ಲವೇ ಗುತ್ತಿಗೆ ಹಿಡಿದವನದ್ದು. ಅದಕ್ಕೆ ಕೈ ಹಾಕಿದರೆ ಕಳವು. ಗಾಳಿಗೆ ಉದುರಿದ್ದು ಮೊದಲು ಬಂದು ಹೆಕ್ಕಿದವರದ್ದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಯಾಕೆಂದರೆ ಬರೆದಿಡಬೇಕಾದ ಪ್ರಸಂಗವೇ ಬಂದಿರಲಿಲ್ಲ. ಗಂಗತ್ತೆ ಅದೇ ತೋಪಿನಲ್ಲಿ ಕೂಲಿಗೆ ಹೋಗಿ, ಬಲೆ ಕಟ್ಟಿದ ಕೋಲಿನಿಂದ ಹಣ್ಣು ಕೊಯ್ದು ಕೊಟ್ಟವಳು. ಕೊಯ್ಯುವಾಗ ಒಂದನ್ನೂ ಸೆರಗಿಗೆ ಹಾಕಿಕೊಂಡವಳಲ್ಲ. ಬೆಳಗಾಗುವಾಗ ಮಾತ್ರ ಬುಟ್ಟಿ ಹಿಡಿದು ಬಂದು ಬಿದ್ದದ್ದನ್ನು ಹೆಕ್ಕಿ ಒಯ್ಯುತ್ತಿದ್ದಳು. ಹಳೆಯ ಒಡೆಯರು ತೀರಿದರು, ತೋಪು ಮಾರಾಟವಾಯಿತು. ಹೊಸಬರು ಬೇಲಿ ಹಾಕಿದರು. ಅವರು ಬಿದ್ದದ್ದನ್ನು ಹೆಕ್ಕುವುದೂ ಇಲ್ಲ. ಅದು ಒಳಗೇ ಕೊಳೆಯುತ್ತದೆ. ದಾರಿಯಲ್ಲಿ ಹೋಗುವಾಗ ಆ ವಾಸನೆ ಗಂಟಲಿಗೆ ಅಂಟುತ್ತದೆ.

ವಿಡಿಯೊ ಹಟ್ಟಿಕೇರಿಗೆ ಹೋಯಿತು, ಗಂಗತ್ತೆಯ ಮಗಳು ಸುಜಾತಾಳ ಗಂಡನ ಮನೆಗೆ. ಅಲ್ಲಿಂದ ಇಂಗ್ಲೆಂಡಿಗೆ. ಸುಜಾತಾ ಅಲ್ಲಿ ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಆಗ ಅವಳು ಬಸುರಿ. ಬಾಣಂತನದ ಹೆಸರಿನಲ್ಲಿ ತಾಯಿಯನ್ನು ಕರೆಸಿಕೊಂಡಳು. ಬಾಣಂತನ ಮುಗಿದಾಗ, ಬಿಣಗಾದಲ್ಲಿರುವ ನನಗೆ ಫೋನು ಬಂತು.

"ರತ್ನಕ್ಕ, ನೀನೇ ಬಂದು ಆಯಿನ ಕರ್ಕಂಡು ಹೋಗು. ಆದ್ರೆ ಒಂದು ಮಾತು. ಆ ಬೇಲಿ ಇನ್ನು ನುಗ್ಗೂದಿಲ್ಲ ಅಂತ ಆಯಿ ನನ್ನ ಮಗು ಮುಟ್ಟಿ ಹೇಳ್ಬೇಕು. ಅಲ್ಲೀವರೆಗೆ ನಾ ವಿಮಾನ ಹತ್ತಿಸೂದಿಲ್ಲ."

ಸುಜಾತಾಳ ಅಡುಗೆಮನೆ

ವಿಮಾನದ ಬಗ್ಗೆ ಬರೆಯುವುದಿಲ್ಲ. ಬರೆದವರು ಸಾಕಷ್ಟಿದ್ದಾರೆ.

ಸುಜಾತಾಳ ಊರು ಇಂಗ್ಲೆಂಡಿನ ಕೆಂಟ್ ಎಂಬ ಸೀಮೆಯಲ್ಲಿದೆ. ನಾನು ತಲುಪಿದಾಗ ಮನೆಯಲ್ಲಿ ಏನೋ ಕೀಂಯ್ ಎಂದು ಕೂಗುತ್ತಿತ್ತು. ಮಗುವೆಂದುಕೊಂಡೆ. ಅದು ಛಾವಣಿಗೆ ಅಂಟಿಸಿದ, ಹೊಗೆ ಕಂಡರೆ ಅರಚುವ ಡಬ್ಬಿ. ಗಂಗತ್ತೆ ಬಂಗಡೆ ಹುರಿಯುತ್ತಿದ್ದಳು. ಸುಜಾತಾ ಕುರ್ಚಿ ಹತ್ತಿ ಟವೆಲಿನಿಂದ ಡಬ್ಬಿಗೆ ಗಾಳಿ ಹಾಕುತ್ತಿದ್ದಳು. ಪಕ್ಕದ ಮನೆಯ ಮುದುಕ ಬಾಗಿಲು ತಟ್ಟಿ, ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ, ಎಲ್ಲ ಸರಿಯಿದೆಯೇ ಎಂದು ಕೇಳಿ ಹೋದ.

"ಹೊಗೆ ಎಬ್ಬಿಸಿದ್ದು ನಾವು, ಕ್ಷಮೆ ಕೇಳೂದು ಅವ," ಅಂದಳು ಗಂಗತ್ತೆ. "ಬಂದಾಗಿಂದ ಹೀಂಗೇ ಹೆಣ್ಣೇ. ರಸ್ತೆಲಿ ನಾ ಅವ್ರ ಕಾಲು ತುಳಿದ್ರೂ ಅವ್ರೇ ಸಾರಿ. ಮನುಷ್ಯರ ಮುಖ ನೋಡೂದಿಲ್ಲ, ಎದುರಿಗೆ ನಾಯಿ ಬಂದ್ರೆ ಮಾತ್ರ ನಿಂತು ಮಾತಾಡ್ಸ್ತಾರೆ."

ಸೀರೆಯ ಮೇಲೆ ಅಳಿಯನ ಸ್ವೆಟರು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ನಾನು ಕಂಡ ಇಂಗ್ಲೆಂಡಿನಲ್ಲಿ ಗಂಗತ್ತೆ ಹೀಗಿದ್ದಾಳೆ. ಸುಜಾತಾಳ ಫೋಟೊಗಳಲ್ಲಿ ಶೂ ಕಪ್ಪು. ಯಾವುದು ಸುಳ್ಳೆಂದು ನಾನು ಹುಡುಕಲು ಹೋಗಿಲ್ಲ.

ಊಟಕ್ಕೆ ಕೂತಾಗ ಸುಜಾತಾ ವಿಷಯ ತೆಗೆದಳು. "ಆಯಿ, ನಾಳೆ ಒಂದು ಸೇಬಿನ ತೋಟಕ್ಕೆ ಹೋಗುವ. ಇಲ್ಲಿ ಹೆಂಗೆ ಅಂದ್ರೆ, ಯಾರು ಬೇಕಾದ್ರೂ ಒಳಗೆ ಹೋಗಿ ತಮ್ಮ ಕೈಯಾರೆ ಕೊಯ್ಯೂದು. ಬರೂವಾಗ ತೂಕ ಮಾಡ್ಸಿ ದುಡ್ಡು ಕೊಡೂದು. ಬೇಲಿ ನುಗ್ಗೂದಿಲ್ಲ, ಯಾರ ಹತ್ರನೂ ಬೈಸ್ಕಣೂದಿಲ್ಲ. ಮರ್ಯಾದಿಲಿ ಹಣ್ಣು ತಕಂಡು ಬರೂದು ಹೆಂಗೆ ಅಂತ ಒಂದ್ಸಲ ನೋಡು."

"ಕೊಯ್ಯೂದು ನಾವಾ?"

"ಹೌದು."

"ಕೊಯ್ದದ್ದಕ್ಕೆ ಕೂಲಿ?"

"ಕೂಲಿ ಇಲ್ಲ ಆಯಿ. ನಾವೇ ಕೊಡೂದು."

ಗಂಗತ್ತೆ ಮುಳ್ಳು ಬಿಡಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. "ಮಾಲಕ ಶಾಣ್ಯಾ ಇದ್ದಾನೆ."

ನಾನು ನಕ್ಕೆ. ಸುಜಾತಾ ನಗಲಿಲ್ಲ. "ನಿಂಗೆ ಎಲ್ಲಾ ಚೇಷ್ಟೆ. ಮುಂದಿನ ಸಲ ಆ ಕಾವಲಿನವ ಕೈ ಮಾಡಿದ್ರೆ? ಪೊಲೀಸರನ್ನ ಕರ್ಸಿದ್ರೆ? ನಾ ಇಲ್ಲಿ ಕೂತು ಎಂತ ಮಾಡೂಕೆ ಆಗ್ತದೆ? ಹಟ್ಟಿಕೇರಿಲಿ ನಮ್ಮತ್ತೆ ಇವತ್ತಿಗೂ ಕೇಳ್ತಾರೆ, ನಿನ್ನ ಆಯಿಗೆ ಹಣ್ಣು ತಿನ್ನೂಕೆ ನೀ ಏನೂ ಕಳ್ಸೂದಿಲ್ವೇನೇ ಅಂದೇಳಿ."

"ಕಳ್ಸೂದಿಲ್ಲ ಅಂತ ಹೇಳು."

"ಆಯೀ!"

"ಹಣ್ಣು ತಿನ್ನೂಕೆ ನಾ ಹೋಗೂದಾ ಅಲ್ಲಿ?" ಗಂಗತ್ತೆಯ ದನಿ ಏರಲಿಲ್ಲ. "ಅದು ನಂದು. ಅದ್ಕೆ ಹೋಗೂದು."

ತೋಟದ ಗೇಟು

ನನ್ನ ನೆನಪಿನಲ್ಲಿ ಅಂದು ಜಿನುಗು ಮಳೆ. ನನ್ನದೇ ಫೋನಿನ ಫೋಟೊಗಳಲ್ಲಿ ಒಳ್ಳೆ ಬಿಸಿಲಿದೆ. ಎರಡನ್ನೂ ಇಟ್ಟುಕೊಳ್ಳುತ್ತೇನೆ. ಆ ದೇಶದ ಮಟ್ಟಿಗೆ ಎರಡೂ ನಿಜವಿರಬಹುದು.

ಗೇಟಿನಲ್ಲಿ ನಮ್ಮ ಕೈಗೆ ಕಾಗದದ ಚೀಲ ಕೊಟ್ಟರು. ಪಕ್ಕದಲ್ಲಿ ದೊಡ್ಡ ಬೋರ್ಡು. ಸುಜಾತಾ ತಾಯಿಗೆ ಅದನ್ನು ಓದಿ ಹೇಳಿದಳು: ಮರ ಹತ್ತಬಾರದು, ನಾಯಿಗೆ ಹಗ್ಗ ಹಾಕಿರಬೇಕು, ಮಕ್ಕಳನ್ನು ಕಣ್ಣೆದುರೇ ಇಟ್ಟುಕೊಳ್ಳಬೇಕು. ಕೊನೆಯ ಸಾಲನ್ನು ಓದಲಿಲ್ಲ. ನೆಲಕ್ಕೆ ಬಿದ್ದ ಹಣ್ಣನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ನಾನು ಓದಿಕೊಂಡೆ. ನಾನೂ ಬಾಯಿ ಬಿಡಲಿಲ್ಲ.

ಒಳಗೆ ಜಾತ್ರೆಯಷ್ಟು ಜನ, ಆದರೆ ಸದ್ದಿಲ್ಲ. ಒಬ್ಬಾಕೆ ಸೇಬನ್ನು ಕೊಯ್ಯದೆ, ಕೊಯ್ಯುವ ಹಾಗೆ ಕೈಯಿಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದಳು. ಗಂಡ ಸರಿಯಿಲ್ಲ ಅಂದ. ಅವಳು ಇನ್ನೊಂದು ಮರದ ಹತ್ತಿರ ಹೋಗಿ ಮತ್ತೆ ಕೊಯ್ಯದೆ ನಿಂತಳು. ಮರಗಳೆಲ್ಲ ನಮ್ಮೆತ್ತರ, ತಂತಿಗೆ ಕಟ್ಟಿ ಸಾಲಾಗಿ ನಿಲ್ಲಿಸಿದವು.

"ಇದು ಮರವಾ?" ಅಂದಳು ಗಂಗತ್ತೆ. "ಬೆಂಡೆಗಿಡ."

ಮಗು ನನ್ನ ತೋಳಿನಲ್ಲಿ ನಿದ್ದೆ ಮಾಡುತ್ತಿತ್ತು. ಖಾಲಿ ತಳ್ಳುಗಾಡಿಯನ್ನು ಗಂಗತ್ತೆ ಹಿಡಿದಿದ್ದಳು. ನಡೆಯಲು ಆಸರೆ ಅಂತ ಅವಳ ನೆವ.

ಮರದ ಕೆಳಗೆ

ಸುಜಾತಾ ಒಂದು ಸೇಬನ್ನು ಅಂಗೈಯಲ್ಲಿ ಹಿಡಿದು, ಮೇಲೆತ್ತಿ ತಿರುಗಿಸಿದಳು. ಕೈಗೆ ಬಂತು. "ನೋಡು, ಎಷ್ಟು ಸಲೀಸು. ನೀ ಕೊಯ್ಯು ಆಯಿ."

ಗಂಗತ್ತೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಒಬ್ಬರ ಮರ."

"ಕೊಯ್ಯೂಕೇ ಬಿಟ್ಟದ್ದು ನಮ್ಮನ್ನ!"

"ಯಾರು ಬಿಟ್ಟದ್ದು? ಮಾಲಕ ಎಲ್ಲಿ? ಗೇಟಲ್ಲಿ ಚೀಲ ಕೊಟ್ಟ ಹುಡ್ಗಿ ಮಾಲಕಿಯಾ? ಮಾಲಕ ಎದುರಿಗಿಲ್ದೆ, ಹಾಡುಹಗಲಿಗೆ, ಒಬ್ಬರ ಮರಕ್ಕೆ ಕೈ ಹಾಕೂದಾ ಸುಜಾತಾ? ಕಳ್ಳಿ ಅಂದ್ರು ಅಂತ ನೀ ಮೂರು ತಿಂಗ್ಳು ನನ್ನ ಹತ್ರ ಮುಖ ಕೊಟ್ಟು ಮಾತಾಡಿಲ್ಲ. ಈಗ ಕಳವು ಕಲ್ಸೂಕೆ ಕರ್ಕಂಡು ಬಂದ್ಯಾ?"

ಸುಜಾತಾ ನನ್ನ ಕಡೆ ನೋಡಿದಳು. ನಾನು ಮಗುವಿನ ಟೋಪಿ ಸರಿ ಮಾಡಿದೆ.

ಆಗ ಗಂಗತ್ತೆ ನೆಲ ನೋಡಿದಳು. ಅಲ್ಲಿವರೆಗೆ ನಾವೆಲ್ಲ ತಲೆಯೆತ್ತಿ ನಡೆದಿದ್ದೆವು. ಸಾಲಿನ ಉದ್ದಕ್ಕೂ ಹುಲ್ಲಿನಲ್ಲಿ ಸೇಬು ಬಿದ್ದಿತ್ತು. ಕೆಂಪು, ಹಳದಿ, ಕೆಲವು ಒಡೆದವು, ಹೆಚ್ಚಿನವು ಗಟ್ಟಿ. ಜನ ಅದರ ಮೇಲೇ ನಡೆಯುತ್ತಿದ್ದರು. ಎದುರಿನ ಸಾಲಿನಲ್ಲಿ ಒಬ್ಬ ತಂದೆ ಮಗಳಿಗೆ ರುಚಿ ನೋಡಲು ಹಣ್ಣು ಕೊಯ್ದು ಕೊಡುತ್ತಿದ್ದ. ಅವಳು ಒಂದು ಕಚ್ಚು ಕಚ್ಚಿ ಎಸೆಯುತ್ತಿದ್ದಳು. ಅವನು ಇನ್ನೊಂದು ಕೊಡುತ್ತಿದ್ದ.

"ಬಾವಲಿ ಜಾತಿ," ಅಂದಳು ಗಂಗತ್ತೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಬಗ್ಗಿ, ಹೆಕ್ಕಲು ಶುರು ಮಾಡಿದಳು.

ಅವಳು ಹೆಕ್ಕುವುದನ್ನು ನಾನು ಮೊದಲೂ ನೋಡಿದ್ದೇನೆ. ಇಲ್ಲೂ ಅದೇ. ಒಂದೊಂದನ್ನೂ ಎತ್ತಿ, ಹಿಂದೆ ಮುಂದೆ ತಿರುಗಿಸಿ, ಕೊಳೆತದ್ದನ್ನು ಬುಡಕ್ಕೆ ತಳ್ಳಿ, ಒಳ್ಳೆಯದನ್ನು ಸೆರಗಿಗೆ. ಸೆರಗು ತುಂಬಿದಾಗ ತಳ್ಳುಗಾಡಿಯ ಕೆಳಗಿನ ಚೀಲಕ್ಕೆ. ಅದೂ ತುಂಬಿದಾಗ ಮಗು ಕೂರುವ ಜಾಗಕ್ಕೆ. ಮೇಲೆ ಮಗುವಿನ ಹೊದಿಕೆ ಮುಚ್ಚಿದಳು. ಅಡಗಿಸಲು ಮುಚ್ಚಿದ್ದು ಅಂತ ಸುಜಾತಾ ಇವತ್ತಿಗೂ ಹೇಳುತ್ತಾಳೆ. ಕಣಜದ ಹುಳು ಕೂರದಿರಲಿ ಅಂತ ಗಂಗತ್ತೆ. ನಾನು ಅಲ್ಲೇ ಇದ್ದೆ, ಆದರೂ ತೀರ್ಪು ಕೊಡಲಾರೆ.

"ಆಯಿ, ಬಿಡು. ಬಿದ್ದದ್ದು ತಕಣೂಕಿಲ್ಲ ಇಲ್ಲಿ," ಅಂದಳು ಸುಜಾತಾ, ಕೊನೆಗೂ.

"ಬಿದ್ದದ್ದು ತಕಣೂಕಿಲ್ಲ, ನೇತಾಡೂದು ತಕಂಬಹುದು?" ಗಂಗತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ತಲೆ ಕೆಳಗೆ ಮಾಡಿ ನಡೆಯೋರ ಊರಾ ಇದು?"

ತಳ್ಳುಗಾಡಿ

ಹಿಂದಿರುಗುವಾಗ ಗಾಡಿಯ ಚಕ್ರ ಟ್ರ್ಯಾಕ್ಟರಿನ ಹಳ್ಳಕ್ಕೆ ಇಳಿಯಿತು. ಗಂಗತ್ತೆ ದೂಡಿದಳು. ಗಾಡಿ ಮಗುಚಿತು. ಸೇಬುಗಳು ಹೊದಿಕೆಯನ್ನು ಎಳೆದುಕೊಂಡೇ ಉರುಳಿ ಹೋಗಿ ಒಂದು ಜೊತೆ ರಬ್ಬರ್ ಬೂಟುಗಳ ಮುಂದೆ ನಿಂತವು. ಬೂಟಿನೊಳಗೆ ತೋಟದ ಕೆಲಸದ ಹೆಂಗಸು, ನಡುವಯಸ್ಸಿನವಳು, ಕೆಂಪು ಕೈಗಳು. ಗಾಡಿಯಲ್ಲಿ ಮಗುವಿತ್ತೆಂದು ತಿಳಿದು ಮೊದಲು ಅವಳು ಚೀರಿದಳು. ಮಗು ನನ್ನ ತೋಳಿನಲ್ಲಿ ಕಂಡು ಎದೆ ಹಿಡಿದುಕೊಂಡಳು. ಆಮೇಲೆ ಸೇಬು ನೋಡಿದಳು.

ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಕ್ಷಮಿಸಿ, ಬಿದ್ದದ್ದನ್ನು ಒಯ್ಯುವಂತಿಲ್ಲ. ನೆಲ ಕೊಳಕು, ಜಿಂಕೆಗಳು ಓಡಾಡುತ್ತವೆ. ತಿಂದು ಯಾರಿಗಾದರೂ ಹೊಟ್ಟೆ ಕೆಟ್ಟರೆ ನಮ್ಮ ತಲೆಗೆ ಬರುತ್ತದೆ. ಮರದಿಂದ ಬೇಕಾದಷ್ಟು ಕೊಯ್ದುಕೊಳ್ಳಿ.

ಸುಜಾತಾ ಅದನ್ನು ತಾಯಿಗೆ ಹೀಗೆ ಹೇಳಿದಳು: "ತಪ್ಪಾಯ್ತು ಅನ್ನು, ಬಿಟ್ಟುಬಿಡ್ತಾರೆ."

"ಅಷ್ಟುದ್ದ ಹೇಳ್ತು ಅದು. ನೀ ಇಷ್ಟೇ ಹೇಳ್ದೆ. ರತ್ನಾ, ನೀ ಹೇಳು."

ನಾನು ಹೇಳಿದೆ, ಜಿಂಕೆ ಸಮೇತ. ಗಂಗತ್ತೆ ಗಮನವಿಟ್ಟು ಕೇಳಿದಳು.

"ಜಿಂಕೆಗೆ ಬೋರ್ಡು ಓದೂಕೆ ಬರ್ತದ್ಯಾ, ಕೇಳು."

ಕೇಳಿದೆ. ಹೆಂಗಸಿನ ಬಾಯಿಯ ಒಂದು ಮೂಲೆ ಅಲುಗಿತು. ನಕ್ಕಳೆಂದು ನಾನು ಊರಿನಲ್ಲಿ ಹೇಳಿಕೊಂಡು ಬಂದಿದ್ದೇನೆ. ಅಷ್ಟೇನೂ ಇರಲಿಲ್ಲ.

"ಬಿದ್ದದ್ದನ್ನ ಮತ್ತೆ ಎಂತ ಮಾಡ್ತ್ರಂತೆ?"

ಟ್ರ್ಯಾಕ್ಟರು ಹಾಯಿಸಿ ಅರೆದುಬಿಡುತ್ತೇವೆ, ಮಣ್ಣಿಗೆ ಒಳ್ಳೆಯದು, ಅಂದಳು ಹೆಂಗಸು.

ಇದನ್ನೂ ಕನ್ನಡ ಮಾಡಿ ಹೇಳಿದೆ. ಗಂಗತ್ತೆ ಆ ಹೆಂಗಸಿಗೇ ನೇರ ಹೇಳಿದಳು, ಕನ್ನಡದಲ್ಲೇ, ನಾನಿದ್ದೇನೆಂಬುದನ್ನು ಮರೆತವಳಂತೆ. "ನಮ್ಮಲ್ಲಿ ರಂಪಣಿ ಬಲೆ ಎಳೀತ್ರು. ಬಲೆ ಹೊತ್ಕಂಡು ಹೋದ್ಮೇಲೆ ಮರಳಲ್ಲಿ ಉಳಿದ ಮೀನು ಯಾರದ್ದು? ಬುಟ್ಟಿ ತಂದವ್ರದ್ದು. ಬಲೆ ಯಜಮಾನ ಅದ್ರ ಮೇಲೆ ಕಾಲಿಟ್ಟು ತುಳಿದ ಅಂದ್ರೆ, ಮರುದಿನ ಅವನ ಬಲೆಗೆ ಯಾರೂ ಕೈ ಹಚ್ಚೂದಿಲ್ಲ. ಬಿದ್ದದ್ದನ್ನ ಅರೀತೆ ಅಂತೀಯಲ್ಲೇ ತಂಗಿ, ಕೈ ನಡುಗೂದಿಲ್ವಾ ನಿಂಗೆ?"

ರಂಪಣಿಯನ್ನು ನಾನು "ದೊಡ್ಡ ಬಲೆ" ಅಂದೆ. ಬೇರೆ ಮಾತು ಸಿಗಲಿಲ್ಲ. ಊರಿಡೀ ಸೇರಿ ಎಳೆಯುವ ಬಲೆಯನ್ನು ಎರಡು ಮಾತಿಗೆ ಇಳಿಸಿದ್ದು ನನಗೇ ಕೆಟ್ಟದಾಗಿ ಕೇಳಿಸಿತು. ಹೆಂಗಸು ಮಾತ್ರ ಪೂರ್ತಿ ಕೇಳಿ, ನಿಧಾನ ಹೇಳಿದಳು: ನಾನು ಇಲ್ಲಿ ಕೆಲಸದವಳು. ನಿಯಮ ಮಾಡಿದ್ದು ನಾನಲ್ಲ.

"ಬೆಳಂಬಾರದ ಕಾವಲಿನವನೂ ಇದೇ ಹೇಳ್ದ," ಅಂದಳು ಗಂಗತ್ತೆ.

ಹೇಳಿ, ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತಳು. ಕಾಲು ಚಾಚಿದಳು. ಉರುಳಿದ್ದರಲ್ಲಿ ಒಂದು ಸೇಬು ತೆಗೆದು ಸೆರಗಿನಲ್ಲಿ ಒರೆಸಿ, ಹೆಂಗಸಿನ ಮುಖ ನೋಡುತ್ತ ಕಚ್ಚಿದಳು.

ಸುಜಾತಾಳ ಕೈಯಲ್ಲಿ ಫೋನಿತ್ತು. ಮಗುವಿನ ಮೊದಲ ತಿರುಗಾಟವೆಂದು ಬೆಳಗಿನಿಂದ ವಿಡಿಯೊ ಮಾಡುತ್ತಿದ್ದಳು. ಅದು ಇನ್ನೂ ಚಾಲೂ ಇತ್ತು. "ಏಳು ಆಯಿ, ಏಳು!" ಅಂದವಳು ಪರದೆ ನೋಡಿದಳು. ಪರದೆಯ ಮೇಲೆ ಮರ, ಮರದ ಕೆಳಗೆ ಕಾಲು ಚಾಚಿದ ಅವಳ ತಾಯಿ, ಬಾಯಲ್ಲಿ ಹಣ್ಣು. ಪರದೆಯ ಈಚೆಯಿಂದ ಏಳು ಅನ್ನುತ್ತಿರುವವಳು ಈ ಸಲ ಅವಳು. ಅವಳು ಇದನ್ನೇ ಯೋಚಿಸಿದಳೆಂದು ನಾನು ಪ್ರಮಾಣ ಮಾಡಲಾರೆ. ಫೋನನ್ನು ಚೀಲಕ್ಕೆ ಹಾಕಿದಳು, ಅದು ಮಾತ್ರ ಖಂಡಿತ.

ಬೂಟಿನ ಹೆಂಗಸು ಆಕಾಶ ನೋಡಿದಳು. ಮಳೆ ಬರುವ ಹಾಗಿದೆ, ಅಂದಳು. ಬೆನ್ನು ತಿರುಗಿಸಿ ಸಾಲಿನ ಕೊನೆಯವರೆಗೆ ನಡೆದು ಹೋದಳು. ತಿರುಗಿ ನೋಡಲಿಲ್ಲ. ಆ ಜನ ಒಪ್ಪಿಗೆ ಕೊಡುವುದು ಹೀಗೆಯೋ, ಬೇಸತ್ತು ಬಿಡುವುದು ಹೀಗೆಯೋ, ಅಲ್ಲಿ ವಾರಗಟ್ಟಲೆ ಇದ್ದೂ ನನಗೆ ತಿಳಿಯಲಿಲ್ಲ.

ಗಂಗತ್ತೆ ಎದ್ದು ಎಲ್ಲವನ್ನೂ ಮತ್ತೆ ಹೆಕ್ಕಿದಳು. ಗೇಟಿನಲ್ಲಿ ಸುಜಾತಾಳ ಕಾಗದದ ಚೀಲವನ್ನು ತೂಕಕ್ಕಿಟ್ಟರು. ತಳ್ಳುಗಾಡಿಯನ್ನು ತಾಯಿಯ ಕೈಯಿಂದ ಕಸಿದುಕೊಂಡು, ತಕ್ಕಡಿಯ ಮುಂದಿನಿಂದ, ಹೊದಿಕೆ ಮುಚ್ಚಿದ್ದನ್ನು ತಳ್ಳಿಕೊಂಡು ಹೊರಗೆ ದಾಟಿಸಿದವಳು ಸುಜಾತಾ. ಮುಖ ಮಾತ್ರ ಗಡಿಗೆಯಷ್ಟು ಊದಿತ್ತು.

ವಿಮಾನ ನಿಲ್ದಾಣ

ನಾನು ಬಿಣಗಾದಲ್ಲಿ ನೆರೆಯವರಿಗೆ ಹೇಳಿದ ಪ್ರಕಾರ, ಅಲ್ಲಿ ತಾಯಿ ಮಗಳು ತಬ್ಬಿಕೊಂಡು ಅತ್ತರು, ಮಗಳು ಸೋತೆ ಅಂದಳು. ಕೇಳಿದವರ ಕಣ್ಣೂ ತುಂಬಿ ಬಂತು. ಅದು ನಡೆದಿಲ್ಲ.

ನಡೆದದ್ದು ಇದು. ಒಳಗೆ ಹೋಗುವ ಹಗ್ಗದ ಸಾಲಿನ ಹತ್ತಿರ ಸುಜಾತಾ ಮಗುವನ್ನು ಗಂಗತ್ತೆಯ ಮುಂದೆ ಹಿಡಿದಳು. "ಮುಟ್ಟಿ ಹೇಳು ಆಯಿ. ಆ ತೋಪಿಗೆ ಹೋಗೂದಿಲ್ಲ ಅಂತ."

ಗಂಗತ್ತೆ ಮಗುವನ್ನು ಮುಟ್ಟಿದಳು. ಕೆನ್ನೆ ಮುಟ್ಟಿದಳು, ಪಾದ ಮುಟ್ಟಿದಳು, ಮುತ್ತಿಟ್ಟಳು. "ಗಾಳಿ ಬರ್ಲಿ," ಅಂದಳು. "ನೋಡುವ."

"ಹಂಗಾರೆ ಹೋಗು," ಅಂದಳು ಸುಜಾತಾ. ಅಳಲಿಲ್ಲ. ಕೈ ಬೀಸಲೂ ಇಲ್ಲ. ತಳ್ಳುಗಾಡಿ ತಿರುಗಿಸಿಕೊಂಡು ಹೋದಳು. ಅದರ ಕೆಳಗಿನ ಚೀಲದಲ್ಲಿ ಒಂದು ಸೇಬು ಇನ್ನೂ ಉಳಿದಿತ್ತು. ಇದು ನಾನು ಸೇರಿಸಿದ್ದಿರಬಹುದು.

ಬೆಳಂಬಾರ, ಗಾಳಿ ಬಂದ ಮೇಲೆ

ಮುಂದಿನ ಬೇಸಿಗೆಯ ಕೊನೆಗೆ, ಮಳೆಗಾಲದ ಮುಂಚಿನ ಗಾಳಿ ಬೀಸಿದ ಬೆಳಿಗ್ಗೆ, ನಾನು ಬೆಳಂಬಾರದಲ್ಲಿದ್ದೆ. ಇಂಗ್ಲೆಂಡಿನಿಂದ ಬಂದವಳೆಂದು ಗಂಗತ್ತೆಯ ನಡೆ ಬದಲಾಗಿರಲಿಲ್ಲ. ಬುಟ್ಟಿ ಬೇಲಿಯ ಆಚೆ ದೂಡಿದಳು, ಆಮೇಲೆ ತಲೆ, ಆಮೇಲೆ ಉಳಿದದ್ದು. ಒಳಗೆ ನೆಲವೆಲ್ಲ ಇಶಾಡು. ಅವಳು ಅವಸರ ಮಾಡಲಿಲ್ಲ. ನಾನು ಆಚೆ ದಾರಿಯಲ್ಲೇ ನಿಂತಿದ್ದೆ.

ಕಾವಲಿನವನು ಬಂದ. ಅವನೇ. ಫೋನು ತೆಗೆದ. "ಮತ್ತೆ ಬಂತು ನೋಡಿ ಕಳ್ಳಿ! ನಾಚ್ಕೆ ಆಗೂದಿಲ್ವೇನೇ?"

ಗಂಗತ್ತೆ ಬಗ್ಗಿದವಳು ಹಾಗೇ ತಲೆ ಎತ್ತಿ ನೋಡಿದಳು. ಮುಖದ ಮೇಲಿನ ಕೂದಲನ್ನು ಮೊಣಕೈಯಿಂದ ಸರಿಸಿಕೊಂಡಳು.

"ತೆಗಿ ತಮ್ಮಾ, ತೆಗಿ. ಬುಟ್ಟಿನೂ ಬರ್ಲಿ. ನೆಲನೂ ಬರ್ಲಿ, ಕೊಳ್ತದ್ದು ಎಷ್ಟು ಅಂತ ಸರೀ ಕಾಣ್ಲಿ. ಹೋದ್ಸಲ ಬರೀ ನನ್ನ ಬಾಯಿ ಒಂದೇ ತೆಗ್ದಿದ್ದೆ ನೀನು. ಇಂಗ್ಲೆಂಡಲ್ಲಿ ನೋಡೂಕೆ ಜನ ಇದೆ."

ಅವನು ಒಂದು ಕ್ಷಣ ಫೋನು ಇಳಿಸಿದ. ಮತ್ತೆ ಎತ್ತಿದ. ಬುಟ್ಟಿ ಮುಟ್ಟುವ ಧೈರ್ಯ ಮಾಡಲಿಲ್ಲ. ಅವಳು ತುಂಬಿಸಿಕೊಂಡು, ಹೋದ ದಾರಿಯಲ್ಲೇ ನುಗ್ಗಿ ಹೊರಗೆ ಬಂದಳು. ಬರುವಾಗ ಸೀರೆ ತಂತಿಗೆ ಸಿಕ್ಕಿ ಚರ್ರೆಂದಿತು.

ವಿಡಿಯೊ ಅಂದೇ ಹೊರಟಿತು. ಹಟ್ಟಿಕೇರಿ ದಾಟಿ ಹೋಯಿತು. ಸಂಜೆ ನನ್ನ ಫೋನಿಗೆ ಸುಜಾತಾಳ ಮೆಸೇಜು ಬಂತು. ವಿಡಿಯೊದ ಜೊತೆ ನಗುವ ಮುಖಗಳಿರಲಿಲ್ಲ. ಮಾತು ಕೊಡು ಎಂಬುದೂ ಇರಲಿಲ್ಲ. "ರತ್ನಕ್ಕ, ಆಯಿ ಹೊರಗೆ ಬರೂವಾಗ ಸೀರೆ ತಂತಿಗೆ ಸಿಕ್ಕಿದೆ, ನೋಡು. ಬೆನ್ನಿಗೂ ಗೀರಿದೆಯಾ ಕೇಳು. ನೀ ಅಲ್ಲೇ ಇದ್ದೆ ಅಲ್ದಾ, ಸುಮ್ನೆ ನಿಂತದ್ದು ಎಂತಕ್ಕೆ?"

ಗಂಗತ್ತೆಗೆ ಓದಿ ಹೇಳಿದೆ. ಅವಳು ಹಣ್ಣಿನ ರಸ ಹಿಂಡಿ ಬಿಸಿಲಿಗೆ ಹರಡಲು ತಟ್ಟೆ ತೊಳೆಯುತ್ತಿದ್ದಳು.

"ನೆಲ ಕಂಡ್ತಂತಾ ಸುಜಾತಾಗೆ?" ಅಂದಳು.

"ಅದನ್ನ ಬರೀಲಿಲ್ಲ."

"ಕಂಡಿರ್ತದೆ," ಅಂದಳು ಗಂಗತ್ತೆ.

ರಾತ್ರಿ ಮತ್ತೆ ಗಾಳಿ. ಬೆಳಿಗ್ಗೆ ಬೇಲಿಯ ಹತ್ತಿರ ಗಂಗತ್ತೆ ಬುಟ್ಟಿ ದೂಡಿ ಬಗ್ಗುವ ಮೊದಲು ನಾನು ಮುಂದೆ ಹೋದೆ. ಕೆಳಗಿನ ತಂತಿಯನ್ನು ಚಪ್ಪಲಿಯಿಂದ ಒತ್ತಿ, ಮೇಲಿನದನ್ನು ಎರಡೂ ಕೈಯಿಂದ ಎತ್ತಿ ಹಿಡಿದೆ. ಇನ್ನೂ ಎತ್ತು, ಅಂದಳು. ಎತ್ತಿದೆ.